ಊರಿನ ಮದ, ನಗೆಯ ಒರೆಗಲ್ಲು

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಮದದ ಎಂಟು ಆಶ್ರಯಗಳನ್ನು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ. ಇವುಗಳಲ್ಲಿ ಒಂದನ್ನು ಹಿಡಿದು ತಾನು ಇತರರಿಗಿಂತ ಮೇಲೆಂದು ಬಗೆಯುವವನ ಸಮ್ಯಗ್ದರ್ಶನಕ್ಕೆ ಊನ ತಪ್ಪದು. ಶ್ರಾವಕರ ಮನೆಯ ಮಕ್ಕಳೂ ಬಾಯಿಪಾಠ ಹೇಳುವ ಈ ಪಟ್ಟಿಯಲ್ಲಿ ಒಂದು ವಿಚಾರ ಗಮನಕ್ಕೆ ಬಾರದೆ ಹೋಗುವುದುಂಟು. ಎಂಟೂ ಒಬ್ಬ ವ್ಯಕ್ತಿಯ ಮದಗಳು. ಕುಲಮದ, ಜಾತಿಮದಗಳಲ್ಲಿ ಸಮೂಹದ ಹೆಸರಿದ್ದರೂ ಆ ಹೆಸರನ್ನು ಹೇಳಿಕೊಂಡು ಬೀಗುವವನು ಒಬ್ಬನೇ. ಪಕ್ಕದಲ್ಲಿರುವವನಿಗೆ ಅದು ಕಾಣುತ್ತದೆ, ತಿದ್ದಲೂ ಬರುತ್ತದೆ. ಊರಿಗೆ ಊರೇ ಒಟ್ಟಾಗಿ ಬೀಗಿದಾಗ ಪಕ್ಕದಲ್ಲಿ ಯಾರೂ ಉಳಿದಿರುವುದಿಲ್ಲ. ಆಗ ಮದವು ಮದವೆಂದು ತೋರದು. ಪರಂಪರೆ, ಮರ್ಯಾದೆ, ಊರಿನ ಹೆಸರು ಎಂಬ ಗೌರವದ ಮಾತುಗಳು ಅದಕ್ಕೆ ಸಲ್ಲುತ್ತವೆ. ವ್ಯಕ್ತಿಯೊಬ್ಬನು ತನ್ನ ದೋಷಕ್ಕೆ ಪ್ರತಿಕ್ರಮಣ ಮಾಡಿಕೊಳ್ಳಬಲ್ಲನು. ಒಂದು ಊರು ತನ್ನ ಹೆಮ್ಮೆಗಾಗಿ ಪ್ರತಿಕ್ರಮಣ ಮಾಡಿತೆಂದು ಕೇಳಿದವರಿಲ್ಲ.

ಸಾಹಿತ್ಯದಲ್ಲಿ ಈ ಕೆಲಸವನ್ನು ಅಷ್ಟಿಷ್ಟು ಮಾಡುತ್ತ ಬಂದಿರುವುದು ವಿಡಂಬನೆ. ಉಪದೇಶಕ್ಕೆ ಬಗ್ಗದ ಸಮಾಜ ನಗೆಯ ಮುಂದೆ ಕೊಂಚ ತಡವರಿಸುತ್ತದೆ. ಆದರೆ ನಗುವವರು ಯಾರು, ನಗೆಗೀಡಾಗುವವರು ಯಾರು, ಆ ನಗೆಯ ಬೆಲೆಯನ್ನು ತೆರುವವರು ಯಾರು ಎಂಬ ಪ್ರಶ್ನೆಗಳನ್ನು ಬಿಟ್ಟು ವಿಡಂಬನೆಯನ್ನು ಹೊಗಳುವುದು ಸರಿಯಲ್ಲ. ಕನ್ನಡದ ಮಟ್ಟಿಗೆ ಈ ಪ್ರಶ್ನೆಗಳನ್ನು ಕೇಳಲು ಎರಡು ಕೃತಿಗಳನ್ನು ಎದುರುಬದುರು ಇಟ್ಟು ನೋಡಬಹುದು. ಒಂದು, ವೃತ್ತವಿಲಾಸನ ‘ಧರ್ಮಪರೀಕ್ಷೆ’. ಇನ್ನೊಂದು, ಅದಕ್ಕಿಂತ ಐದಾರು ಶತಮಾನಗಳ ಅನಂತರ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಣ್ಣಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಬರವಣಿಗೆಯ ಆರಂಭದಲ್ಲೇ ಬರೆದ ರಂಗನ ಮದುವೆಯ ಕಥೆ. ಮೊದಲನೆಯದು ಪಾಂಡಿತ್ಯದ ಚಂಪೂಕಾವ್ಯ. ಎರಡನೆಯದು ಹರಟೆಯ ಧಾಟಿಯ ಸಣ್ಣಕಥೆ. ಗಾತ್ರದಲ್ಲಿ ಹೋಲಿಕೆಯಿಲ್ಲ. ಎರಡಕ್ಕೂ ಗುರಿ ಒಂದೇ: ತಾನೇ ಮೇಲೆಂದು ನಂಬಿ ಕುಳಿತಿರುವ ಒಂದು ಸಮೂಹ.

‘ಧರ್ಮಪರೀಕ್ಷೆ’ಯ ಕಥೆ ಕನ್ನಡದಲ್ಲಿ ಮೊದಲು ಹುಟ್ಟಿದ್ದಲ್ಲ. ಹರಿಷೇಣನು 988ರಲ್ಲಿ ಅಪಭ್ರಂಶದಲ್ಲಿಯೂ ಅಮಿತಗತಿಯು 1014ರಲ್ಲಿ ಸಂಸ್ಕೃತದಲ್ಲಿಯೂ ಇದನ್ನು ಬರೆದರು. ಅಮಿತಗತಿಯ ಕೃತಿಯನ್ನು ಆಧರಿಸಿ ವೃತ್ತವಿಲಾಸನು ಕನ್ನಡಕ್ಕೆ ತಂದನು. ಅವನ ಕಾಲವನ್ನು ಸಾಹಿತ್ಯಚರಿತ್ರೆಗಳು 14ನೆಯ ಶತಮಾನವೆನ್ನುತ್ತವೆ. ಮನೋವೇಗ, ಪವನವೇಗರೆಂಬ ಇಬ್ಬರು ವಿದ್ಯಾಧರ ಕುಮಾರರು ಗೆಳೆಯರು. ಮನೋವೇಗನಿಗೆ ಜಿನಧರ್ಮದಲ್ಲಿ ಶ್ರದ್ಧೆ, ಪವನವೇಗನಿಗೆ ಇಲ್ಲ. ಗೆಳೆಯನನ್ನು ತಿದ್ದುವುದಕ್ಕಾಗಿ ಮನೋವೇಗನು ಅವನನ್ನು ಪಾಟಲೀಪುತ್ರಕ್ಕೆ ಕರೆದೊಯ್ಯುತ್ತಾನೆ. ಮೈತುಂಬ ಆಭರಣ, ತಲೆಯ ಮೇಲೆ ಹುಲ್ಲು ಸೌದೆಯ ಹೊರೆ: ಇದು ಅವರ ವೇಷ. ನೇರವಾಗಿ ವಾದಶಾಲೆಗೆ ಹೋಗಿ ಭೇರಿ ಬಾರಿಸಿ, ಗೆದ್ದವರಿಗೆ ಮೀಸಲಾದ ಚಿನ್ನದ ಪೀಠದ ಮೇಲೆ ಕುಳಿತುಬಿಡುತ್ತಾರೆ. ಊರ ಪಂಡಿತರೆಲ್ಲ ಓಡಿ ಬರುತ್ತಾರೆ. ಹುಲ್ಲು ಮಾರುವವನು ಪೀಠವನ್ನೇರುವುದೇ ಎಂಬ ಅವರ ಬೆರಗಿನಲ್ಲಿಯೇ ವಿಡಂಬನೆ ಅರ್ಧ ಮುಗಿದಿದೆ. ಒಂದು ಸಮಾಜದ ಹಿರಿಮೆಯ ಲೆಕ್ಕವು ಪೀಠ, ವೇಷ, ಹೊರೆಗಳ ಮೇಲೆ ನಿಂತಿದೆಯೆಂಬುದನ್ನು ಕವಿ ಒಂದು ಮಾತೂ ಆಡದೆ ತೋರಿಸಿಬಿಡುತ್ತಾನೆ.

ಉಳಿದರ್ಧ ಕಥೆ ಹೇಳುವುದರಲ್ಲಿದೆ. ಮನೋವೇಗನು ದಿನಕ್ಕೊಂದು ವೇಷದಲ್ಲಿ ಬಂದು ನಂಬಲಾಗದ ಕಥೆಗಳನ್ನು ತನ್ನ ಸ್ವಾನುಭವವೆಂದು ಹೇಳುತ್ತಾನೆ. ಆನೆಯೊಂದು ಅಟ್ಟಿಸಿಕೊಂಡು ಬಂದಾಗ ತಾನು ಕಮಂಡಲುವಿನೊಳಗೆ ಹೊಕ್ಕೆನೆಂದೂ ಆನೆಯೂ ಹಿಂದೆಯೇ ಹೊಕ್ಕಿತೆಂದೂ ಕೊನೆಗೆ ಇಬ್ಬರೂ ಅದರ ಮೂತಿಯಿಂದ ಹೊರಬಿದ್ದಾಗ ಆನೆಯ ಬಾಲದ ಒಂದು ಕೂದಲು ಮಾತ್ರ ಅಲ್ಲಿ ಸಿಕ್ಕಿಕೊಂಡಿತೆಂದೂ ಹೇಳುತ್ತಾನೆ. ಸಭೆ ನಗುತ್ತದೆ, ಸುಳ್ಳುಗಾರನೆಂದು ಜರೆಯುತ್ತದೆ. ಆಗ ಅವನು ಅವರದೇ ಪುರಾಣದ ಒಂದು ಪ್ರಸಂಗವನ್ನು ಎತ್ತುತ್ತಾನೆ. ಜಗತ್ತೆಲ್ಲ ಒಂದು ಕಮಂಡಲುವಿನಲ್ಲಿ ಅಡಗುವುದು ನಿಮಗೆ ಸಂಭವವೆಂದು ತೋರುವುದಾದರೆ ಒಂದು ಆನೆ ಅಡಗುವುದು ಏಕೆ ಅಸಂಭವ ಎಂಬುದು ಅವನ ಪ್ರಶ್ನೆ. ಸಭೆಗೆ ಉತ್ತರವಿಲ್ಲ.

ಈ ತಂತ್ರದ ಸೊಗಸು ಎಲ್ಲಿದೆಯೆಂದರೆ, ವಿಡಂಬನಕಾರನು ಹೊರಗಿನಿಂದ ಒಂದು ಅಳತೆಗೋಲನ್ನು ತರುವುದಿಲ್ಲ. ಪರರ ಬಾಯಲ್ಲಿ ಬಂದರೆ ಸುಳ್ಳು, ತನ್ನ ಗ್ರಂಥದಲ್ಲಿ ಬಂದರೆ ಪವಿತ್ರ ಎಂಬ ಎರಡು ಅಳತೆಗಳು ಆ ಸಭೆಯಲ್ಲಿ ಮೊದಲೇ ಇದ್ದವು. ಅವನು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟನಷ್ಟೆ. ಸಮಾಜದ ಮೇಲರಿಮೆ ಎಲ್ಲ ಕಾಲದಲ್ಲಿಯೂ ಬದುಕುವುದು ಇಂಥ ಎರಡು ಅಳತೆಗಳಿಂದಲೇ.

ಇದೇ ತಂತ್ರವನ್ನು ಇನ್ನೂ ಹಿಂದೆ, 8ನೆಯ ಶತಮಾನದಲ್ಲಿ, ಶ್ವೇತಾಂಬರಾಚಾರ್ಯ ಹರಿಭದ್ರಸೂರಿ ಪ್ರಾಕೃತದ ‘ಧೂರ್ತಾಖ್ಯಾನ’ದಲ್ಲಿ ಬಳಸಿದ್ದರು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿದ ಡಾ. ಆ.ನೇ. ಉಪಾಧ್ಯೆಯವರು ಆ ಕೃತಿಯ ಬಗ್ಗೆ ಬರೆದ ವಿಮರ್ಶಾತ್ಮಕ ಅಧ್ಯಯನವು 1944ರ ಮುದ್ರಣದೊಂದಿಗೆ ಹೊರಬಂದಿತು. ಭಾರತೀಯ ವಿಡಂಬನ ಸಾಹಿತ್ಯವನ್ನು ಕುರಿತು ಯೋಚಿಸುವವರು ಇಂದಿಗೂ ಅಲ್ಲಿಂದಲೇ ಹೊರಡಬೇಕಾಗಿದೆ. ಹರಿಭದ್ರರ ಬಗ್ಗೆ ಪರಂಪರೆಯಲ್ಲಿ ಒಂದು ಕಥೆಯಿದೆ. ದೀಕ್ಷೆಗೆ ಮೊದಲು ಅವರು ಎಂಥ ವಿದ್ಯಾಗರ್ವಿತರಾಗಿದ್ದರೆಂದರೆ, ಒಳಗಿನ ವಿದ್ಯೆಯಿಂದ ಹೊಟ್ಟೆ ಬಿರಿದೀತೆಂದು ಅದಕ್ಕೆ ಚಿನ್ನದ ಪಟ್ಟಿ ಬಿಗಿದುಕೊಂಡಿದ್ದರಂತೆ. ಯಾಕಿನೀ ಎಂಬ ಸಾಧ್ವಿ ಹೇಳುತ್ತಿದ್ದ ಒಂದು ಗಾಥೆಯ ಅರ್ಥ ಅವರಿಗೆ ತಿಳಿಯಲಿಲ್ಲ. ಆ ಸೋಲಿನಿಂದಲೇ ಅವರು ಜಿನಮಾರ್ಗಕ್ಕೆ ಬಂದು, ಮುಂದೆ ತಮ್ಮನ್ನು ಆ ಸಾಧ್ವಿಯ ಮಗನೆಂದೇ ಕರೆದುಕೊಂಡರು. ಕಥೆ ಚರಿತ್ರೆಯೋ ಅಲ್ಲವೋ, ಇತರರ ಗರ್ವವನ್ನು ಗೇಲಿ ಮಾಡಹೊರಟವನು ತನ್ನ ಹೊಟ್ಟೆಯ ಪಟ್ಟಿಯನ್ನು ಮೊದಲು ಬಿಚ್ಚಿರಬೇಕೆಂಬ ತಿಳಿವಳಿಕೆ ಅದರಲ್ಲಿದೆ.

‘ಧರ್ಮಪರೀಕ್ಷೆ’ಯ ತೊಡಕು ಇಲ್ಲಿಯೇ ಇದೆ. ಅದರಲ್ಲಿ ಮನೋವೇಗನು ಒಮ್ಮೆಯೂ ತಡವರಿಸುವುದಿಲ್ಲ. ಅವನ ನಗೆ ಪಾಟಲೀಪುತ್ರದ ಸಭೆಯ ಕಡೆಗೆ ಹೋಗುತ್ತದೆ, ಹಿಂದಿರುಗಿ ಬರುವುದಿಲ್ಲ. ಆದಿನಾಥರ ಶರೀರದ ಎತ್ತರ 500 ಧನುಸ್ಸು, ಆಯುಷ್ಯ 84 ಲಕ್ಷ ಪೂರ್ವ ಎಂದು ಜೈನ ಪುರಾಣಗಳು ಹೇಳುತ್ತವೆ. ಅವಸರ್ಪಿಣಿಯಲ್ಲಿ ದೇಹಮಾನ, ಆಯುರ್ಮಾನಗಳು ಕ್ರಮೇಣ ಕುಗ್ಗುತ್ತವೆಂಬ ಸಮಾಧಾನ ಇದಕ್ಕೆ ಉಂಟು. ಶ್ರದ್ಧಾವಂತ ಓದುಗನಿಗೆ ಅದು ಸಾಕು. ಆದರೆ ಪಾಟಲೀಪುತ್ರದ ಪಂಡಿತರ ಬಳಿಯೂ ತಮ್ಮ ಪುರಾಣಕ್ಕೆ ಒಂದು ಸಮಾಧಾನ ಇದ್ದಿರಲೇಬೇಕು. ಕಾವ್ಯ ಅದನ್ನು ಹೇಳಲು ಅವರಿಗೆ ಬಾಯಿ ಕೊಡಲಿಲ್ಲ. ಸೋಲುವವನಿಗೆ ಮಾತಿಲ್ಲದ ವಾದವನ್ನು ಗೆಲ್ಲುವುದು ಸುಲಭ. ಸೈದ್ಧಾಂತಿಕವಾಗಿ ಅನೇಕಾಂತವನ್ನು ಎತ್ತಿಹಿಡಿಯುವ ಪರಂಪರೆಯ ಕೃತಿಯೊಂದು ಏಕಾಂತದ ನಗೆಯನ್ನು ನಗುತ್ತಿದೆಯೆಂದು ಹೇಳಿದರೆ ವೃತ್ತವಿಲಾಸನಿಗೆ ಅಪಚಾರವಾಗುವುದಿಲ್ಲ. ಬ್ರಹ್ಮಶಿವನ ‘ಸಮಯಪರೀಕ್ಷೆ’ಯ ಬಗ್ಗೆಯೂ ಇದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾದೀತು.

ಒಂದು ಅಂಶ ಮಾತ್ರ ಕವಿಯ ಪರವಾಗಿದೆ. ಇಡೀ ನಾಟಕದ ನಿಜವಾದ ಪ್ರೇಕ್ಷಕ ಸಭೆಯಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತಿರುವ ಪವನವೇಗ. ಬದಲಾಗುವವನು ಅವನೊಬ್ಬನೇ. ಪರರನ್ನು ನೋಡಿ ನಗುತ್ತ ಒಳಗೊಳಗೇ ತನ್ನನ್ನು ತಿದ್ದಿಕೊಳ್ಳುವ ಓದುಗನ ಚಿತ್ರ ಅಲ್ಲಿ ಮಸುಕಾಗಿಯಾದರೂ ಇದೆ.

ತನ್ನವರನ್ನೇ ನೋಡಿ ನಗುವ ವಿಡಂಬನೆಗೆ ಬೇರೆ ಬಗೆಯ ಕಥಕ ಬೇಕು. ಮಾಸ್ತಿಯವರಲ್ಲಿ ಅಂಥವನು ದೊರೆಯುತ್ತಾನೆ. ಅವರು 1891ರಲ್ಲಿ ಜನಿಸಿದರು. ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ ಬರೆದರು. ಮನೆಮಾತು ತಮಿಳು, ಬರೆದದ್ದು ಕನ್ನಡ. ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿದ್ದು ಹಳ್ಳಿ ಪಟ್ಟಣಗಳೆರಡನ್ನೂ ಕಂಡರು. ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಬಂದದ್ದು ಎಲ್ಲರಿಗೂ ತಿಳಿದದ್ದೇ. ಪ್ರಸ್ತುತ ಕಥೆ 1910ರ ಸುಮಾರಿನದು. ಆಗ ಲೇಖಕರಿಗೆ ಇಪ್ಪತ್ತು ತುಂಬುವಷ್ಟರಲ್ಲಿತ್ತು.

ಕಥೆ ಹೇಳುವವನು ಹೊಸಹಳ್ಳಿಯ ಶ್ಯಾಮ. ಅವನು ಮೊದಲು ಮಾಡುವ ಕೆಲಸ ತನ್ನ ಊರನ್ನು ಹೊಗಳುವುದು. ಭೂಪಟದಲ್ಲಿ ಊರಿನ ಹೆಸರಿಲ್ಲ. ಇಂಗ್ಲೆಂಡಿನಲ್ಲಿ ಕುಳಿತು ಭೂಗೋಳ ಬರೆಯುವ ಸಾಹೇಬರಿಗೆ ಅದು ತಿಳಿಯದು. ಅವರನ್ನು ನೋಡಿ ಬರೆಯುವ ದೇಶೀ ಪಂಡಿತರೋ ಕುರಿಮಂದೆಯಂತೆ ಒಬ್ಬರ ಹಿಂದೆ ಒಬ್ಬರು ಹಳ್ಳಕ್ಕೆ ಬೀಳುವವರು. ಹೀಗಿರುವಾಗ ಭೂಪಟ ಬರೆಯುವ ಬಡಪಾಯಿಯನ್ನು ದೂರಿ ಫಲವೇನು? ಆದರೂ ಮೈಸೂರು ಸಂಸ್ಥಾನಕ್ಕೆ ಹೊಸಹಳ್ಳಿಯೇ ಸಾರ, ಕರಿಗಡುಬಿಗೆ ಹೂರಣವಿದ್ದಂತೆ. ಆ ಊರಿನ ಮಾವಿನಕಾಯಿಯ ಹುಳಿ ನೆತ್ತಿಗೇರುತ್ತದೆ, ಕೊಳದ ಬಳ್ಳಿಯ ಎಲೆಯಲ್ಲಿ ಊಟ ಬಡಿಸಬಹುದು. ಇಷ್ಟೆಲ್ಲಕ್ಕೂ ಸಾಕ್ಷಿ ಊರಿನ ವೈದ್ಯ. ಅವನು ಅನೇಕ ಊರುಗಳನ್ನು ನೋಡಿದವನು, ಇಂಗ್ಲೆಂಡೊಂದನ್ನು ಬಿಟ್ಟು.

ಈ ಪುಟಗಳ ನಗೆ ಎರಡು ಅಲಗಿನದು. ತನ್ನ ಊರಿನ ಹುಳಿಮಾವನ್ನೂ ಹಿರಿಮೆಯ ಲೆಕ್ಕಕ್ಕೆ ಹಾಕಿಕೊಳ್ಳುವ ಹಳ್ಳಿಗನ ಮೇಲೆ ಒಂದು ಅಲಗು. ಇನ್ನೊಂದು, ಜಗತ್ತನ್ನೆಲ್ಲ ಅಳೆದು ಬರೆದಿಟ್ಟಿದ್ದೇವೆಂಬ ಸಾಮ್ರಾಜ್ಯದ ಗರ್ವದ ಮೇಲೆ. ಹೊಸಹಳ್ಳಿಯವನಿಗೆ ಹೊಸಹಳ್ಳಿ ಜಗತ್ತಿನ ನಡುವಾದರೆ ಸಾಹೇಬನಿಗೆ ಲಂಡನ್ ಜಗತ್ತಿನ ನಡು. ತಪ್ಪು ಒಂದೇ, ಒಬ್ಬನ ಕೈಯಲ್ಲಿ ಮುದ್ರಿತ ಭೂಪಟವಿದೆ, ಅಷ್ಟೆ. 1726ರಲ್ಲಿ ಪ್ರಕಟವಾದ ಜೊನಾಥನ್ ಸ್ವಿಫ್ಟನ ಕಥೆಯಲ್ಲಿ ಗಲಿವರನು ದೈತ್ಯರ ರಾಜನ ಮುಂದೆ ಇಂಗ್ಲೆಂಡಿನ ಆಡಳಿತ, ನ್ಯಾಯ, ಯುದ್ಧವಿದ್ಯೆಗಳನ್ನು ಹೊಗಳಿದಷ್ಟೂ ರಾಜನಿಗೆ ಆ ಜನದ ಮೇಲೆ ಹೇಸಿಗೆ ಹುಟ್ಟುತ್ತದೆ. ಹೊಗಳುವವನಿಗೆ ತಾನು ತನ್ನವರನ್ನು ಬಯಲಿಗೆಳೆಯುತ್ತಿರುವುದು ತಿಳಿಯದು. ಶ್ಯಾಮನೂ ಅದೇ ಜಾತಿಯ ಕಥಕ. ಸ್ವಿಫ್ಟನಲ್ಲಿ ಆ ನಗೆ ಕಹಿಯಾಗುತ್ತದೆ, ಮಾಸ್ತಿಯವರಲ್ಲಿ ಅಕ್ಕರೆಯಾಗಿಯೇ ಉಳಿಯುತ್ತದೆ. (ಕೋಲಾರದ ರಸ್ತೆಯಲ್ಲಿರುವ ನರಸಾಪುರವನ್ನು ಇಂದು ಭೂಪಟದಲ್ಲಿ ಹುಡುಕಬೇಕಾಗಿಲ್ಲ, ಮೊಬೈಲ್ ಫೋನ್, ಮೋಟಾರ್ ಸೈಕಲ್ಲುಗಳ ಕಾರ್ಖಾನೆಗಳು ಅದನ್ನು ಗುರುತಿಸಿಕೊಟ್ಟಿವೆ. ಶ್ಯಾಮನಿದ್ದಿದ್ದರೆ ಅದಕ್ಕೂ ಒಂದು ಕರಿಗಡುಬಿನ ಉಪಮೆ ಹೊಂದಿಸುತ್ತಿದ್ದನು.)

ಹತ್ತು ವರ್ಷದ ಹಿಂದೆ ಆ ಊರಿನಲ್ಲಿ ಇಂಗ್ಲಿಷ್ ಬಲ್ಲವರಿರಲಿಲ್ಲ. ಶಾನುಭೋಗರು ಮಗ ರಂಗನನ್ನು ಓದಲು ಬೆಂಗಳೂರಿಗೆ ಕಳುಹಿಸಿದ್ದೇ ದೊಡ್ಡ ಸಂಗತಿ. ಅವನು ಹಿಂದಿರುಗಿದ ದಿನ ಊರೆಲ್ಲ ನೋಡಲು ಬಂದಿತು. ಮುದುಕಿಯೊಬ್ಬಳು ಅವನ ಎದೆಯ ಮೇಲೆ ಕೈಯಾಡಿಸಿ, ಜನಿವಾರ ಇದೆಯೆಂದು ಕಂಡುಕೊಂಡು, ಹುಡುಗ ಜಾತಿ ಕೆಟ್ಟಿಲ್ಲವೆಂದು ಸಮಾಧಾನಪಟ್ಟುಕೊಂಡಳು. ಅವನು ಬದಲಾಗಿಲ್ಲವೆಂದು ತಿಳಿದ ಕೂಡಲೇ ಗುಂಪು ಕರಗಿತು. ಸಂಕ್ಷೇಪವಾಗಿ ಬಂದು ಹೋಗುವ ಈ ಚಿತ್ರ ಕಥೆಯ ಅತ್ಯಂತ ತೀಕ್ಷ್ಣವಾದ ವಿಡಂಬನೆ. ಜಾತಿಮದವು ಎಲ್ಲಿ ನೆಲೆಸಿದೆಯೆಂದರೆ ಮುದುಕಿಯ ಬೆರಳ ತುದಿಗೆ ಸಿಗುವ ಒಂದು ನೂಲಿನಲ್ಲಿ. ಅವಳಲ್ಲಿ ಕೇಡಿಲ್ಲ, ವಾತ್ಸಲ್ಯವಿದೆ. ಆದುದರಿಂದಲೇ ಅದು ಮದವೆಂದು ಯಾರಿಗೂ ಹೊಳೆಯುವುದಿಲ್ಲ. ಇತ್ತ ಇಂಗ್ಲಿಷಿನ ಹೆಮ್ಮೆಗೂ ಬಿಡುವಿಲ್ಲ. ಕನ್ನಡದ ಮಾತಿನ ನಡುವೆ ಒಂದು ಇಂಗ್ಲಿಷ್ ಪದ ಎಸೆದು, ಸೌದೆ ಮಾರಲು ಬಂದ ಹೆಂಗಸನ್ನು ‘ಚೇಂಜ್’ ಇಲ್ಲವೆಂದು ಹಿಂದಕ್ಕೆ ಕಳುಹಿಸುವ ಹುಡುಗನೊಬ್ಬ ಅಲ್ಲಿ ಬರುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ, ಗೊಣಗುತ್ತ ಹೋಗುತ್ತಾಳೆ.

ಇಲ್ಲಿಯವರೆಗೆ ಮಾಸ್ತಿಯವರ ವಿಡಂಬನೆ ‘ಧರ್ಮಪರೀಕ್ಷೆ’ಗೆ ಸಾಧ್ಯವಾಗದ್ದನ್ನು ಸಾಧಿಸಿದೆ. ನಗುವವನು ನಗೆಗೀಡಾದವರೊಳಗಿನವನೇ. ಕಥೆಯ ಉತ್ತರಾರ್ಧದಲ್ಲಿ ಮಾತ್ರ ಇದು ಇನ್ನೊಂದು ದಾರಿ ಹಿಡಿಯುತ್ತದೆ. ಆ ತಿರುವನ್ನು ಕಂಡೂ ಕಾಣದಂತೆ ಹೋಗುವುದು ಈ ಕಥೆಯ ಓದಿನಲ್ಲಿ ವಾಡಿಕೆಯಾಗಿಬಿಟ್ಟಿದೆ.

ರಂಗನು ಬೆಂಗಳೂರಿನಿಂದ ತಂದ ಒಂದೇ ಹೊಸ ವಿಚಾರವೆಂದರೆ ಮದುವೆಯನ್ನು ಕುರಿತದ್ದು. ಹುಡುಗಿ ಬೆಳೆದವಳಾಗಿರಬೇಕು, ತನ್ನ ಮಾತು ಅವಳಿಗೆ ತಿಳಿಯಬೇಕು, ಅವಳನ್ನು ತಾನು ಮೆಚ್ಚಿರಬೇಕು. ಇಲ್ಲವಾದರೆ ಮದುವೆಯೇ ಬೇಡ ಎಂಬುದು ಅವನ ನಿಲುವು. ಶ್ಯಾಮನಿಗೆ ಇದು ಸರಿಬೀಳದು. ಊರಿನ ರಾಮರಾಯರ ಸೋದರ ಸಂಬಂಧದ ಹುಡುಗಿ ರತ್ನ, ತಂದೆತಾಯಿಯಿಲ್ಲದವಳು, ಹನ್ನೊಂದು ವರ್ಷದವಳು, ಚೆನ್ನಾಗಿ ಹಾಡುವವಳು. ಅವಳು ಹಾಡುತ್ತಿರುವ ಹೊತ್ತಿಗೆ ಸರಿಯಾಗಿ ರಂಗನು ಬರುವಂತೆ ಶ್ಯಾಮನು ಹೂಡುತ್ತಾನೆ. ಅವಳಿಗೆ ಆಗಲೇ ಮದುವೆಯಾಗಿದೆಯೆಂದು ಸುಳ್ಳು ಹೇಳಿ ರಂಗನ ಆಸೆಯನ್ನು ಕೆರಳಿಸುತ್ತಾನೆ. ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು ಕವಡೆ ಹಾಕಿಸಿ ಅವಳ ಹೆಸರೇ ಬರುವಂತೆ ಮಾಡುತ್ತಾನೆ. ಮದುವೆ ನಡೆಯುತ್ತದೆ. ಗೆದ್ದದ್ದು ಹೊಸಹಳ್ಳಿ.

ಹೊಸ ವಿದ್ಯೆಯ ಗರ್ವ ಇಳಿಯಿತೆಂದು ಓದುಗ ನಗಬೇಕೆಂಬುದು ಕಥೆಯ ನಿರೀಕ್ಷೆ. ಆದರೆ ರಂಗನ ಆ ವಿಚಾರದಲ್ಲಿ ಗರ್ವ ಎಲ್ಲಿತ್ತು? ಅವನು ಇಂಗ್ಲಿಷ್ ಪದಗಳನ್ನು ಎಸೆದು ಮೆರೆದವನಲ್ಲ, ಹಿರಿಯರ ಕಾಲಿಗೆರಗಿದವನು. ಎಲ್ಲರಂತೆ ಇದ್ದು ಒಂದು ವಿಷಯದಲ್ಲಿ ಮಾತ್ರ ಬೇರೆ ಯೋಚಿಸಿದನು. ಆ ಒಂದು ವಿಷಯದಲ್ಲಿ ಅವನು ಸರಿಯಾಗಿಯೇ ಯೋಚಿಸಿದ್ದನು. ಮೈಸೂರು ಸಂಸ್ಥಾನವು 1894ರಲ್ಲಿಯೇ ಶಿಶುವಿವಾಹ ನಿಷೇಧದ ಕಾಯಿದೆ ತಂದಿತ್ತಾದರೂ ಅದು ತಡೆದದ್ದು ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, ಜೊತೆಗೆ ಐವತ್ತು ದಾಟಿದವರು ಹದಿನಾಲ್ಕರೊಳಗಿನವರನ್ನು ವರಿಸುವುದನ್ನು. ರತ್ನಳಿಗೆ ಆ ಕಾಯಿದೆಯ ಆಸರೆಯಿರಲಿಲ್ಲ. ಹುಡುಗಿಯ ವಯಸ್ಸನ್ನು ಹದಿನಾಲ್ಕಕ್ಕೇರಿಸಿದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಅಂದರೆ ಕಥೆ ಬರೆದ ಕಾಲದಲ್ಲಿ ಈ ಪ್ರಶ್ನೆ ಕಣ್ಣಿಗೆ ಬೀಳದಷ್ಟು ದೂರದ್ದೇನೂ ಆಗಿರಲಿಲ್ಲ. ಕಥೆಯೇ ಅದನ್ನು ರಂಗನ ಬಾಯಲ್ಲಿ ಎತ್ತಿದೆ. ಎತ್ತಿ, ನಗೆಯಿಂದ ಕೆಳಗಿಟ್ಟಿದೆ.

ಊರಿನ ಹೆಮ್ಮೆಯನ್ನು ಕೆಣಕಲು ಹೊರಟ ವಿಡಂಬನೆ ಹೀಗೆ ಊರಿನ ಕೈಯ ಆಯುಧವಾಯಿತು. ‘ಧರ್ಮಪರೀಕ್ಷೆ’ಯಲ್ಲಿ ಸೋತ ಪಂಡಿತರಿಗೆ ಮಾತಿರಲಿಲ್ಲ, ಇಲ್ಲಿ ರತ್ನಳಿಗೆ ಇಲ್ಲ. ಅವಳಿಗೆ ರಂಗನು ಇಷ್ಟವೇ, ಮದುವೆ ಎಂದರೇನೆಂದು ಅವಳಿಗೆ ತಿಳಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ಹರಿಭದ್ರರ ‘ಧೂರ್ತಾಖ್ಯಾನ’ವನ್ನು ಇಲ್ಲಿ ಮತ್ತೆ ನೆನೆಯಬೇಕಾಗುತ್ತದೆ. ಅಲ್ಲಿ ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗಾಲದಲ್ಲಿ ಸೇರಿದ ಐವರು ಧೂರ್ತರು ಪಂದ್ಯ ಕಟ್ಟುತ್ತಾರೆ: ಹೇಳಿದ ಕಥೆಯನ್ನು ಪುರಾಣಗಳ ಆಧಾರದಿಂದ ಸಮರ್ಥಿಸಲಾರದವನು ಎಲ್ಲರಿಗೂ ಊಟ ಹಾಕಬೇಕು. ನಾಲ್ವರು ಗಂಡಸರು, ಐದನೆಯವಳು ಖಂಡಪಾಣೆ. ಅವಳು ಕೊನೆಗೆ ಹೇಳುವ ಕಥೆಯಲ್ಲಿ ಆ ನಾಲ್ವರೇ ತನ್ನ ಮನೆಯಿಂದ ಓಡಿಹೋದ ಆಳುಗಳು. ಒಪ್ಪಿದರೆ ದಾಸ್ಯ, ಒಪ್ಪದಿದ್ದರೆ ಊಟದ ಖರ್ಚು. ಸೋತ ಗಂಡಸರಿಗೆ ಊಟ ಹಾಕುವವಳೂ ಅವಳೇ. ಯಾಕಿನೀ ಸಾಧ್ವಿಗೆ ಸೋತವರಿಗೆ ಹೆಣ್ಣೊಬ್ಬಳ ಜಾಣ್ಮೆಯನ್ನು ಕಥೆಯ ತುದಿಯಲ್ಲಿ ನಿಲ್ಲಿಸುವುದು ಕಷ್ಟವಾಗಲಿಲ್ಲವೆಂದು ಕಾಣುತ್ತದೆ. ಹನ್ನೆರಡು ಶತಮಾನಗಳ ಅನಂತರದ ಹೊಸಗನ್ನಡ ಕಥೆಯಲ್ಲಿ ಹೆಣ್ಣು ಮತ್ತೆ ಪಂದ್ಯದ ಪಣವಾಗಿದ್ದಾಳೆ.

ಮಾಸ್ತಿಯವರ ಪರವಾಗಿ ಒಂದು ವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶ್ಯಾಮನು ಲೇಖಕನಲ್ಲ. ಅವನೂ ವಿಡಂಬನೆಗೆ ಗುರಿಯಾದವನೇ. ಆರಂಭದಲ್ಲಿ ಅವನ ಬಡಾಯಿಯನ್ನು ನೋಡಿ ನಕ್ಕ ಓದುಗ ಕೊನೆಯಲ್ಲಿ ಅವನ ಜಾಣತನವನ್ನೂ ಅನುಮಾನದಿಂದ ನೋಡಬೇಕು ಎಂಬುದು ಆ ವಾದ. ಇದಕ್ಕೆ ಕಥೆಯಲ್ಲಿ ಆಧಾರವೂ ಇದೆ. ಎಲ್ಲ ಮುಗಿದ ಮೇಲೆ ಶ್ಯಾಮನು ಶಾಸ್ತ್ರಿಗಳ ಬಳಿ ಹೋಗಿ, ಹೇಳಿಕೊಟ್ಟದ್ದನ್ನು ಚೆನ್ನಾಗಿ ಒಪ್ಪಿಸಿದಿರೆಂದು ಮೆಚ್ಚಿಕೊಂಡರೆ, ಅವರು ಒಪ್ಪುವುದಿಲ್ಲ: ಅದೆಲ್ಲ ಶಾಸ್ತ್ರದಿಂದಲೇ ಬಂದದ್ದು, ಇವನ ಸೂಚನೆ ನೆಪಮಾತ್ರ ಎಂದು ಬಿಡುತ್ತಾರೆ. ಹೂಡಿದ ಮೋಸವನ್ನೇ ವಿದ್ಯೆಯೆಂದು ನಂಬಿಕೊಳ್ಳುವ ಜ್ಞಾನಮದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಮಗುವಿನ ಹೆಸರಿನ ಪ್ರಸಂಗವೂ ಅಂಥದೇ. ರಂಗನು ಮಗನಿಗೆ ಶ್ಯಾಮನೆಂದೇ ಹೆಸರಿಟ್ಟು, ಮೆಚ್ಚಿದವರ ಹೆಸರಿಡುವ ಆಂಗ್ಲರ ಪದ್ಧತಿಯನ್ನು ಅನುಸರಿಸಿದಂತಾಗುತ್ತದೆ. ಅವನನ್ನು ಹಳೆಯ ದಾರಿಗೆ ತಂದವನಿಗೆ ದೊರೆತ ಬಹುಮಾನ ಹೊಸ ದಾರಿಯದು.

ಆದರೂ ವಾದ ಪೂರ್ತಿ ನಿಲ್ಲುವುದಿಲ್ಲ. ಶಾಸ್ತ್ರಿಗಳ ಗರ್ವವನ್ನು ನೋಡಿ ನಗಲು ಲೇಖಕರು ಓದುಗನಿಗೆ ಸ್ಥಳ ಬಿಟ್ಟಿದ್ದಾರೆ; ಶ್ಯಾಮನ ಬಡಾಯಿಯನ್ನು ನೋಡಿ ನಗಲೂ ಬಿಟ್ಟಿದ್ದಾರೆ. ರತ್ನಳ ಕಡೆ ನಿಂತು ಇವರೆಲ್ಲರನ್ನೂ ನೋಡಲು ಒಂದು ಮೂಲೆಯನ್ನು ಬಿಟ್ಟಿಲ್ಲ. ಮಾಸ್ತಿಯವರ ನಗೆಯಲ್ಲಿ ಹಿಂಸೆಯಿಲ್ಲವೆಂಬುದು ವಿಮರ್ಶಕರು ಸಾಮಾನ್ಯವಾಗಿ ಹೇಳುವ ಮಾತು. ನಗೆಗೀಡಾದವರ ಮಟ್ಟಿಗೆ ಅದು ನಿಜ. ಸೌದೆ ಹೊರೆಯೊಡನೆ ಗೊಣಗುತ್ತ ಹಿಂದಿರುಗಿದವಳೂ ಹಾಡಿಸಿಕೊಂಡ ಹುಡುಗಿಯೂ ನಗೆಗೀಡಾದವರಲ್ಲ. ನಗೆ ನಡೆಯುವಾಗ ದಾರಿಯಲ್ಲಿ ಇದ್ದವರು.

ಆ ಶುಕ್ರವಾರ ರತ್ನ ಹಾಡುತ್ತಿದ್ದಾಗ ರಂಗನು ಬಾಗಿಲಲ್ಲಿ ಬಂದು ನಿಂತನು. ಬೆಳಕಿಗೆ ಅಡ್ಡವಾದದ್ದರಿಂದ ಅವಳು ತಲೆಯೆತ್ತಿ ನೋಡಿ, ಅಪರಿಚಿತನನ್ನು ಕಂಡು, ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ಓಡಿಹೋದಳು. ಹಾಡು ನಿಂತದ್ದು ರಂಗನಿಗೆ ಎಷ್ಟು ನಿರಾಸೆಯಾಯಿತೆಂಬುದನ್ನು ಶ್ಯಾಮನು ಒಂದು ಮಾವಿನಹಣ್ಣಿನ ಉಪಮೆಯೊಡನೆ ಸಾವಧಾನವಾಗಿ ವರ್ಣಿಸುತ್ತಾನೆ. ಒಳಗೆ ಹೋದವಳ ಬಗ್ಗೆ ಅವನ ಬಳಿ ಉಪಮೆಯಿಲ್ಲ.